ಮನೆಯಲ್ಲೇ ಮಾಡಿದ ಮರದ ಮೇಜು ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಹಿತ್ತಿಲಿನ ಹಲಸೋ ಸಾಗುವಾನಿಯೋ ಗಾಳಿಗೆ ಬೀಳುತ್ತದೆ. ಅದನ್ನು ಮಿಲ್ಲಿಗೆ ಒಯ್ದು ಹಲಗೆ ಕೊಯ್ಯಿಸಿ, ಹಳೆ ಹಟ್ಟಿಯಲ್ಲೋ ಅಡಿಕೆ ತುಂಬಿಡುವ ಕೊಟ್ಟಿಗೆಯಲ್ಲೋ ಒಂದು ಮೂಲೆ ಖಾಲಿ ಮಾಡಿಕೊಂಡು, ರಜೆಯ ದಿನ ಕೂತು ಮೇಜು ಮಾಡುವವರು ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಕಡೆ ಬಹಳ ಜನ ಇದ್ದಾರೆ. ಮೇಜು ಆಗುತ್ತದೆ, ಚೆನ್ನಾಗಿಯೂ ಇರುತ್ತದೆ. ನಾಲ್ಕು ತಿಂಗಳು ಕಳೆದ ಮೇಲೆ ಕಾಲು ಅಲುಗಾಡುತ್ತದೆ, ಹಲಗೆ ಬಾಗುತ್ತದೆ, ಡ್ರಾಯರ್ ಬಾಯಿ ಬಿಡುವುದಿಲ್ಲ.

ಇಂಥ ಹೊತ್ತಿನಲ್ಲಿ ಕೀಸುಳಿಗೆ ಕೈ ಹಾಕುವ ಮೊದಲು ಕ್ಯಾಲೆಂಡರ್ ನೋಡಿ. ಇದು ತಮಾಷೆಗೆ ಹೇಳಿದ್ದಲ್ಲ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೆ ಸುಮ್ನೆ ನಿಂತಿರುವ ಮರವೂ ಗಾಳಿಯ ತೇವ ಕುಡಿದು ಸುಮಾರು ಶೇಕಡಾ 17-18ರ ತೇವಕ್ಕೆ ಏರುತ್ತದೆ, ಫೆಬ್ರವರಿ-ಮಾರ್ಚ್ ಹೊತ್ತಿಗೆ 12ರ ಆಸುಪಾಸಿಗೆ ಇಳಿಯುತ್ತದೆ. ಇಷ್ಟಕ್ಕೇ 30 ಇಂಚು ಅಗಲದ ಸಾಗುವಾನಿ ಹಲಗೆ, ಕೊಯ್ದ ರೀತಿ ನೋಡಿಕೊಂಡು, 4ರಿಂದ 7 ಮಿಲಿಮೀಟರ್ ಹಿಗ್ಗಿ ಕುಗ್ಗಬಹುದು. ಅದೂ ಅಗಲದಲ್ಲಿ ಮಾತ್ರ. ಉದ್ದದಲ್ಲಿ ಮರ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಮೇಜಿನ ಮುಕ್ಕಾಲು ತೊಂದರೆಗಳ ಬೇರು ಇಲ್ಲೇ ಇದೆ. ಹಾಗಾಗಿ ಮಳೆಗಾಲದಲ್ಲಿ ಕಂಡ ದೋಷವನ್ನು ಮಳೆಗಾಲದಲ್ಲೇ ಕೊಯ್ದು ಸರಿಮಾಡಬೇಡಿ, ಬೇಸಿಗೆಯ ಬಿರುಕನ್ನು ಬೇಸಿಗೆಯಲ್ಲೇ ತುಂಬಬೇಡಿ. ಅಳೆಯಿರಿ, ಬರೆದಿಡಿ, ಸ್ವಲ್ಪ ಕಾಯಿರಿ. ಅಷ್ಟು ಮಾಡಿಯೂ ಹೋಗದ ದೋಷ ಮಾತ್ರ ನಿಜವಾದ ದೋಷ.

ಪರೀಕ್ಷೆಗೆ ದುಡ್ಡು ಬೇಕಾಗಿಲ್ಲ. ಒಂದು ಟೇಪು, ಮೂಲೆಮಟ್ಟ, ನೇರವಾದ ಅಲ್ಯೂಮಿನಿಯಂ ಪಟ್ಟಿ, ಎರಡು ಗಜ ನೂಲು, ಟಾರ್ಚು, ಒಂದು ವಿಸಿಟಿಂಗ್ ಕಾರ್ಡು, ಅಡುಗೆಮನೆಯ ಡಿಜಿಟಲ್ ತಕ್ಕಡಿ. ಸಾಕು.

ಮೇಜು ಕುಂಟುತ್ತದೆ: ಒಂದು ಕಾಲು ನೆಲ ಮುಟ್ಟುವುದಿಲ್ಲ

ಮೊದಲು ನೆಲವನ್ನು ಅನುಮಾನಿಸಿ. ಹಳೆ ಮನೆಗಳ ಕಾವಿ ನೆಲ, ನೀರು ಹರಿಯಲಿ ಎಂದು ಇಳಿಜಾರು ಕೊಟ್ಟ ಜಗಲಿ, ಇವು ಯಾವುವೂ ಮಟ್ಟ ಇರುವುದಿಲ್ಲ. ಮೇಜನ್ನು ಇದ್ದ ಜಾಗದಲ್ಲೇ ಸುತ್ತಿನ ಕಾಲು ಭಾಗದಷ್ಟು (90 ಡಿಗ್ರಿ) ತಿರುಗಿಸಿ. ಈಗ ಬೇರೆ ಕಾಲು ಎದ್ದರೆ ತಪ್ಪು ನೆಲದ್ದು. ಅದೇ ಕಾಲು ಎದ್ದರೆ ಮೇಜಿನದ್ದು. ನೆಲದ ತಪ್ಪಾದರೆ ಎದ್ದ ಕಾಲಿನ ಅಡಿಗೆ ರಬ್ಬರ್ ತುಂಡು ಅಂಟಿಸಿ, ಕೆಲಸ ಮುಗಿಯಿತು.

ಮೇಜಿನದ್ದೇ ಆದರೆ ಮುಂದಿನ ಪರೀಕ್ಷೆ ಮೇಲ್ಹಲಗೆಯದ್ದು. ಮೇಜಿನ ಅಡಿಗೆ ತೂರಿ, ಹಲಗೆಯನ್ನು ಚೌಕಟ್ಟಿಗೆ ಹಿಡಿದಿರುವ ಸ್ಕ್ರೂಗಳನ್ನೆಲ್ಲ ಎರಡು ಸುತ್ತು ಸಡಿಲ ಮಾಡಿ, ಮತ್ತೆ ಅಲುಗಾಡಿಸಿ ನೋಡಿ. ಕುಂಟುವುದು ನಿಂತರೆ ಕಾಲುಗಳ ತಪ್ಪು ಏನೂ ಇಲ್ಲ. ಹಲಗೆ ತಿರುಚಿಕೊಂಡಿದೆ, ಚೌಕಟ್ಟನ್ನೂ ತನ್ನ ಜೊತೆ ಎಳೆದುಕೊಂಡಿದೆ. ಇದನ್ನು ನೋಡದೆ ಕಾಲು ಕತ್ತರಿಸಿದವರು ಮುಂದಿನ ಋತುವಿನಲ್ಲಿ ಎದುರು ಮೂಲೆಯ ಕಾಲನ್ನೂ ಕತ್ತರಿಸುತ್ತಾರೆ, ಕೊನೆಗೆ ಊಟದ ಮೇಜು ಟೀಪಾಯಿ ಆಗುತ್ತದೆ.

ಸ್ಕ್ರೂ ಸಡಿಲ ಮಾಡಿದರೂ ಕುಂಟುತ್ತದೆಯೇ? ಹಲಗೆ ತೆಗೆದು ಪಕ್ಕಕ್ಕಿಡಿ. ಚೌಕಟ್ಟಿನ ಎದುರುಬದುರು ಮೂಲೆಗಳಿಗೆ ಎರಡು ನೂಲು ಬಿಗಿಯಾಗಿ ಅಡ್ಡಡ್ಡ ಕಟ್ಟಿ. ನಡುವೆ ಅವು ಒಂದಕ್ಕೊಂದು ತಾಗಿಯೂ ತಾಗದ ಹಾಗೆ ಇರಬೇಕು. ನಡುವೆ ಸಂದು ಕಂಡರೆ ಚೌಕಟ್ಟು ತಿರುಚಿದೆ. ಸಂದು ಇಲ್ಲ, ಒಂದು ನೂಲು ಇನ್ನೊಂದನ್ನು ಒತ್ತುತ್ತಿದೆ ಎನ್ನಿಸಿದರೆ ಮೇಲಿನದ್ದನ್ನು ಕೆಳಗೆ ಮಾಡಿ ಮತ್ತೆ ನೋಡಿ. ಆಮೇಲೆ ಕಾಲಿನಿಂದ ಕಾಲಿಗೆ ಮೂಲೆಮೂಲೆ ಅಳತೆ ತೆಗೆಯಿರಿ. ಎರಡು ಅಳತೆಗಳಲ್ಲಿ 3 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಚೌಕಟ್ಟು ಓರೆಯಾಗಿದೆ, ಅಂದರೆ ಅಂಟು ಒಣಗುವಾಗ ಮೂಲೆಮಟ್ಟ ತಪ್ಪಿತ್ತು.

ಕಾಲು ಕೊಯ್ಯುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಕೊಯ್ಯಲೇಬೇಕಾದರೆ ಸಮತಟ್ಟಾದ ದಪ್ಪ ಪ್ಲೈವುಡ್ ಮೇಲೆ ಮೇಜು ನಿಲ್ಲಿಸಿ, ಎದ್ದ ಕಾಲಿನ ಅಡಿಗೆ ತೆಳು ಬೆಣೆ ಕೊಟ್ಟು ಮಟ್ಟ ಮಾಡಿಕೊಳ್ಳಿ. ಆ ಸಂದಿಗಿಂತ ಚೂರು ದಪ್ಪ ಇರುವ ಮರದ ತುಂಡಿನ ಮೇಲೆ ಪೆನ್ಸಿಲ್ ಇಟ್ಟು ನಾಲ್ಕೂ ಕಾಲಿನ ಸುತ್ತ ಗೆರೆ ಎಳೆಯಿರಿ. ಗೆರೆಗೆ ಕೊಯ್ಯಿರಿ. ಕಣ್ಣಂದಾಜಿನಲ್ಲಿ ಒಂದೇ ಕಾಲು ಕೊಯ್ಯುವ ಕೆಲಸ ಬೇಡ.

ನಾಲ್ಕೂ ಕಾಲು ನೆಲದಲ್ಲಿವೆ, ಆದರೂ ಮೇಜು ಓಲಾಡುತ್ತದೆ

ಇದು ಬೇರೆಯದೇ ಕಾಯಿಲೆ. ಇಲ್ಲಿ ಜಾಯಿಂಟ್ ಸಡಿಲವಾಗಿರುತ್ತದೆ. ಒಬ್ಬರು ಮೇಜನ್ನು ಮೆಲ್ಲಗೆ ಅಲುಗಿಸಲಿ, ಇನ್ನೊಬ್ಬರು ಟಾರ್ಚು ಹಿಡಿದು ಕಾಲಿಗೂ ಅಡ್ಡಪಟ್ಟಿಗೂ (ಕಾಲುಗಳನ್ನು ಜೋಡಿಸುವ ಚೌಕಟ್ಟಿನ ಪಟ್ಟಿ) ನಡುವಿನ ಗೆರೆ ನೋಡಲಿ. ಒಂದು ಕಡೆ ಆ ಗೆರೆ ಬಾಯಿ ಬಿಟ್ಟು ಮುಚ್ಚುವುದು ಕಾಣುತ್ತದೆ. ಅಲ್ಲಿ ವಿಸಿಟಿಂಗ್ ಕಾರ್ಡು ತೂರಿಸಿ. ಕಾರ್ಡಿನ ತುದಿ ಮಾತ್ರ ಹೋದರೆ ಮೇಲಿನ ಅಂಚು ಕುಗ್ಗಿದೆ ಅಷ್ಟೇ, ಹೆದರಬೇಕಿಲ್ಲ. ಅರ್ಧ ಇಂಚು ಒಳಗೆ ಹೋಯಿತೆಂದರೆ ಅಂಟು ಬಿಟ್ಟಿದೆ.

ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಹಸಿ ಮರದಲ್ಲಿ ಮಾಡಿದ ನಾಲಿಗೆ (ಕಾಲಿನ ತೂತಿಗೆ ತೂರಿಸಲು ಅಡ್ಡಪಟ್ಟಿಯ ತುದಿಯಲ್ಲಿ ಕಡೆದ ಭಾಗ) ಒಣಗಿ ಸಣ್ಣದಾಗಿ, ಕಾಲಿನ ತೂತಿನಲ್ಲಿ ಲಡಲಡ ಅನ್ನುತ್ತಿರಬಹುದು. ನಾಲಿಗೆಯನ್ನು ಮೊದಲೇ ಸಡಿಲವಾಗಿ ಮಾಡಿ, ಫೆವಿಕಾಲ್ ತುಂಬಿಸಿದರೆ ಆಯಿತು ಎಂದುಕೊಂಡಿರಬಹುದು (ಬಿಳಿ ಅಂಟು ಸಂದು ತುಂಬುವ ವಸ್ತುವಲ್ಲ, ಮರಕ್ಕೆ ಮರ ತಾಗಿದಲ್ಲಿ ಮಾತ್ರ ಅದು ಹಿಡಿಯುತ್ತದೆ). ಇಲ್ಲವೇ ಅಡ್ಡಪಟ್ಟಿಯೇ ತೀರಾ ಕಿರಿದು. ಊಟದ ಮೇಜಿಗೆ ಅಡ್ಡಪಟ್ಟಿ ನಾಲ್ಕು ಇಂಚಾದರೂ ಅಗಲ ಇರಲಿ. ಎರಡು ಇಂಚಿನ ಪಟ್ಟಿಯಲ್ಲಿ ಮಾಡಿದ ಮೇಜು ಎಂಥ ಅಂಟು ಹಾಕಿದರೂ ಓಲಾಡುತ್ತದೆ.

ಅಗ್ಗದ ಪರಿಹಾರ ಮೊದಲು: ಚೌಕಟ್ಟಿನ ಒಳಮೂಲೆಗಳಿಗೆ 45 ಡಿಗ್ರಿಗೆ ಕೊಯ್ದ ದಪ್ಪ ಮರದ ತುಂಡು ಕೂರಿಸಿ ಸ್ಕ್ರೂ ಹಾಕಿ. ಎಷ್ಟೋ ಮೇಜುಗಳು ಇಷ್ಟಕ್ಕೇ ಸುಮ್ಮನಾಗುತ್ತವೆ. ಆಗಲಿಲ್ಲವೆಂದರೆ ಜಾಯಿಂಟ್ ಬಿಚ್ಚಲೇಬೇಕು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಸಂದಿಗೆ ಸಿರಿಂಜಿನಲ್ಲಿ ಬಿಸಿ ವಿನೆಗರ್ ಬಿಟ್ಟು ಕಾದರೆ ಬಿಳಿ ಅಂಟು ಮೆತ್ತಗಾಗುತ್ತದೆ. ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಬಿಡಿಸಿ. ಹಳೆ ಅಂಟನ್ನು ಉಳಿಯಿಂದ ಪೂರ್ತಿ ಕೆರೆದು ತೆಗೆಯಿರಿ, ಅಂಟಿನ ಮೇಲೆ ಅಂಟು ಹಿಡಿಯುವುದಿಲ್ಲ. ಒದ್ದೆಯಾದ ಮರ ಪೂರ್ತಿ ಒಣಗಲಿ. ನಾಲಿಗೆ ಸಣ್ಣದಾಗಿದ್ದರೆ ಅದೇ ಮರದ ತೆಳು ಪದರ ಎರಡೂ ಬದಿಗೆ ಅಂಟಿಸಿ, ಕೈಯಿಂದ ಒತ್ತಿದರೆ ಹೋಗುವ, ತಲೆಕೆಳಗೆ ಹಿಡಿದರೆ ಬೀಳದ ಅಳತೆಗೆ ಕೀಸಿ ತನ್ನಿ. ಆಮೇಲೆ ಅಂಟು, ಕ್ಲಾಂಪು. ಬೇಕಿದ್ದರೆ ಅಡ್ಡಕ್ಕೆ ಒಂದು ಬಿದಿರಿನ ಮೊಳೆ.

ಕಬ್ಬಿಣದ ಮೊಳೆ ಹೊಡೆಯಬೇಡಿ. ಇವತ್ತಿಗೆ ಗಟ್ಟಿ ಅನ್ನಿಸುತ್ತದೆ, ನಮ್ಮ ಉಪ್ಪುಗಾಳಿಗೆ ಎರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕಪ್ಪು ಮಾಡಿ ಕೊಳೆಸುತ್ತದೆ. ಮುಂದೆ ಜಾಯಿಂಟ್ ಬಿಚ್ಚುವವನ ಉಳಿಯ ಬಾಯಿಯೂ ಹೋಗುತ್ತದೆ.

ಮೇಲ್ಹಲಗೆ ಬಾಗಿದೆ

ಪಟ್ಟಿಯನ್ನು ಹಲಗೆಯ ಅಗಲಕ್ಕೆ ಇಟ್ಟು ನಡುವೆ ಎಷ್ಟು ಬೆಳಕು ಕಾಣುತ್ತದೆ ನೋಡಿ. 30 ಇಂಚಿಗೆ ಒಂದು ಮಿಲಿಮೀಟರ್ ಬಾಗಿದ್ದರೆ ಅದು ದೋಷವೇ ಅಲ್ಲ, ಊಟ ಮಾಡಿ. ಅದಕ್ಕಿಂತ ಜಾಸ್ತಿ ಇದ್ದರೆ ಯಾವ ಕಡೆಗೆ ಬಾಗಿದೆ ಎನ್ನುವುದೇ ಮುಖ್ಯ.

ಹಲಗೆಯ ಕೊಯ್ದ ತುದಿಯಲ್ಲಿ ವರ್ಷದ ಗೆರೆಗಳು ಕಾಣುತ್ತವೆ. ಬಿಲ್ಲಿನ ಹಾಗಿರುವ ಆ ಗೆರೆಗಳ ಹೊಟ್ಟೆ ಯಾವ ಕಡೆಗಿದೆಯೋ ಅದು ತೊಗಟೆಯ ಬದಿ, ಎದುರಿನದು ತಿರುಳಿನ ಬದಿ. ಮರ ಒಣಗುವಾಗ ಈ ಗೆರೆಗಳು ನೆಟ್ಟಗಾಗಲು ನೋಡುತ್ತವೆ, ಹಾಗಾಗಿ ತೊಗಟೆಯ ಬದಿ ತಗ್ಗಾಗುತ್ತದೆ. ನಿಮ್ಮ ಹಲಗೆಯೂ ತೊಗಟೆಯ ಬದಿಗೆ ತಗ್ಗಾಗಿದ್ದರೆ ಅರ್ಥ ಇಷ್ಟೇ, ಮೇಜು ಮಾಡುವಾಗ ಮರ ಹಸಿಯಾಗಿತ್ತು, ಮನೆಯೊಳಗೆ ಬಂದ ಮೇಲೆ ಒಣಗಿತು. ಅದರ ಬದಲು ತೊಗಟೆಯ ಬದಿ ಉಬ್ಬಿದ್ದರೆ ಹಲಗೆ ತೇವ ಕುಡಿದಿದೆ. ಹಲವು ಹಲಗೆಗಳನ್ನು ಸೇರಿಸಿ ಮಾಡಿದ ಮೇಜಾದರೆ ಒಂದೊಂದನ್ನೂ ಬೇರೆಬೇರೆ ನೋಡಿ.

ಇನ್ನೊಂದು ಬಗೆ ಇದೆ, ಅದಕ್ಕೂ ಗೆರೆಗಳಿಗೂ ಸಂಬಂಧ ಇಲ್ಲ. ಮೇಲ್ಮೈಗೆ ಮೂರು ಕೋಟು ಪಾಲಿಶ್ ಬಳಿದು ಅಡಿಭಾಗವನ್ನು ಬರಿದೇ ಬಿಟ್ಟಿರುತ್ತಾರೆ, ಯಾರು ನೋಡುತ್ತಾರೆ ಎಂದು. ಅಡಿ ತೇವ ಎಳೆದುಕೊಳ್ಳುತ್ತದೆ ಮತ್ತು ಬಿಡುತ್ತದೆ, ಮೇಲ್ಮೈ ಅಷ್ಟು ಬೇಗ ಮಾಡುವುದಿಲ್ಲ. ಅಂಗಳದಲ್ಲಿ ಒಂದೇ ಬದಿ ಬಿಸಿಲು ಕಂಡ ಹಲಸಿನ ಹಪ್ಪಳದ ಹಾಗೆ ಹಲಗೆ ಸುರುಟುತ್ತದೆ. ಕಿಟಕಿಯಿಂದ ದಿನಾ ಬಿಸಿಲು ಬೀಳುವ ಜಾಗ, ಸಿಮೆಂಟ್ ನೆಲದ ಮೇಲೆ ಅಂಗಾತ ಮಲಗಿಸಿಟ್ಟ ಹಲಗೆ, ಇವೂ ಇದೇ ಜಾತಿ.

ಪರಿಹಾರದ ಮೊದಲ ಹೆಜ್ಜೆಗೆ ಖರ್ಚಿಲ್ಲ. ಹಲಗೆ ಬಿಚ್ಚಿ, ನೆರಳಿನಲ್ಲಿ, ಎರಡೂ ಬದಿಗೆ ಗಾಳಿಯಾಡುವ ಹಾಗೆ ರೀಪುಗಳ ಮೇಲೆ, ಉಬ್ಬಿದ ಬದಿ ಮೇಲಾಗಿ ಇಟ್ಟು ಎರಡು ವಾರ ಬಿಡಿ. ಒಂದು ಬದಿಗೆ ತೇವ ಹಿಡಿದು ಬಾಗಿದ್ದಾದರೆ ಬಹುಪಾಲು ತಾನೇ ಇಳಿಯುತ್ತದೆ. ಇಳಿದ ಮೇಲೆ ಅಡಿಗೂ ಮೇಲಿನಷ್ಟೇ ಕೋಟು ಬಳಿಯಿರಿ.

ಎರಡನೆಯದು, ಅಡಿಗೆ ಅಡ್ಡ ಪಟ್ಟಿಗಳನ್ನು ಹಾಕಿ ಹಿಡಿದುಕೊಳ್ಳುವುದು. ಪಟ್ಟಿಯಲ್ಲಿ ಸ್ಕ್ರೂವಿನ ತೂತು ದುಂಡಗೆ ಇರಬಾರದು. ಹಲಗೆಯ ಅಗಲದ ದಿಕ್ಕಿಗೆ 8-10 ಮಿಲಿಮೀಟರ್ ಉದ್ದದ ಗಾಡಿ (ಸ್ಕ್ರೂ ಜಾರಲು ಬಿಡುವ ಉದ್ದನೆಯ ತೂತು) ತೋಡಿ, ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ. ನಡುವಿನ ಒಂದು ಸ್ಕ್ರೂ ಮಾತ್ರ ಗಟ್ಟಿ ಇರಲಿ. ಹಲಗೆ ಹಿಗ್ಗಲಿ ಕುಗ್ಗಲಿ, ಸ್ಕ್ರೂ ಗಾಡಿಯಲ್ಲಿ ಜಾರುತ್ತದೆ. ಮೂರು ನಾಲ್ಕು ಮಿಲಿಮೀಟರ್ ಬಾಗಿದ್ದರೆ ಇದರಿಂದ ಹತೋಟಿಗೆ ಬರುತ್ತದೆ.

ಎಂಟು ಹತ್ತು ಮಿಲಿಮೀಟರ್ ಬಾಗಿದ್ದನ್ನು ಸ್ಕ್ರೂವಿನಲ್ಲಿ ಎಳೆದು ಕೂರಿಸಲು ಹೋಗಬೇಡಿ. ಟಪ್ ಎಂದು ಸೀಳುತ್ತದೆ. ಅಂಥದ್ದನ್ನು ಮಿಲ್ಲಿಗೆ ಒಯ್ದು ನಾಲ್ಕೈದು ಇಂಚಿನ ಪಟ್ಟಿಗಳಾಗಿ ಸೀಳಿಸಿ, ಪ್ಲೇನಿಂಗ್ ಮಾಡಿಸಿ ಮತ್ತೆ ಅಂಟಿಸುವುದೇ ದಾರಿ. ದಪ್ಪ ಸ್ವಲ್ಪ ಹೋಗುತ್ತದೆ, ಮೇಜು ಉಳಿಯುತ್ತದೆ.

ಮರ ಒಣಗಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ

ಮೇಲಿನದ್ದೆಲ್ಲದರ ಮೂಲ ಪ್ರಶ್ನೆ ಇದು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎನ್ನುವುದು ಹಳೆ ಲೆಕ್ಕ. ಅದು ಅಂದಾಜು ಮಾತ್ರ, ಅದೂ ಹಲಗೆ ಅಟ್ಟಿ ಹಾಕಿ ನಡುವೆ ರೀಪು ಕೊಟ್ಟು ಗಾಳಿಯಾಡಲು ಬಿಟ್ಟಿದ್ದರೆ. ತೋಟದ ಮೂಲೆಯಲ್ಲಿ ಮೂರು ವರ್ಷ ಬಿದ್ದಿದ್ದ ದಿಮ್ಮಿ ಒಣಗಿರುವುದಿಲ್ಲ, ಮಳೆ ಕುಡಿದು ಕುಳಿತಿರುತ್ತದೆ. ಅನುಭವದ ಆಚಾರಿ ಹಲಗೆಯನ್ನು ಬೆರಳಿನ ಗಿಣ್ಣಿನಿಂದ ಕುಟ್ಟಿ, ಕೀಸಿದ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಚುಕಿ, "ಇನ್ನೂ ಹಸಿ ಉಂಟು ಮಾರಾಯ್ರೆ" ಎಂದರೆ ವಾದ ಮಾಡಬೇಡಿ.

ನಿಮಗೇ ಅಂಕಿ ಬೇಕಿದ್ದರೆ ಹೀಗೆ ಮಾಡಿ. ಹಲಗೆಯ ತುದಿಯಿಂದ ಒಂದು ಅಡಿಯಾದರೂ ಒಳಗಿನ ಸಣ್ಣ ತುಂಡು ಕೊಯ್ದು (ತುದಿ ಯಾವಾಗಲೂ ನಡುವಿಗಿಂತ ಬೇಗ ಒಣಗಿರುತ್ತದೆ, ಅದು ಸುಳ್ಳು ಹೇಳುತ್ತದೆ) ಕೂಡಲೇ ತೂಗಿ ಬರೆದಿಡಿ. ಓಟಿಜಿಯಲ್ಲಿ (ಅಡುಗೆಮನೆಯ ಸಣ್ಣ ಕರೆಂಟ್ ಓವನ್) 100-105 ಡಿಗ್ರಿಗೆ ಇಟ್ಟು, ಆಗಾಗ ತೂಗಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಮೊದಲು 132 ಗ್ರಾಂ ಇತ್ತು, ಕೊನೆಗೆ 110 ಗ್ರಾಂ ಎಂದುಕೊಳ್ಳಿ. ಹೋದ ನೀರು 22 ಗ್ರಾಂ. ಅದನ್ನು 110ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ತೇವ ಶೇಕಡಾ 20. ಈ ಮರದಲ್ಲಿ ಈಗ ಮೇಜು ಮಾಡಬೇಡಿ. 12ರಿಂದ 14 ಬಂದರೆ ನಮ್ಮ ಊರಿಗೆ ಸರಿ. ಓವನ್ ಹತ್ತಿರವೇ ಇರಿ, ಬಿಟ್ಟು ಹೋಗಬೇಡಿ. ಮೈಕ್ರೋವೇವ್‌ನಲ್ಲಂತೂ ಬೇಡವೇ ಬೇಡ, ತುಂಡು ಒಳಗಿನಿಂದಲೇ ಕರಟಿ ಹೊಗೆ ಬರುತ್ತದೆ.

ಬಿರುಕು ಬಿಟ್ಟಿದೆ

ಬಿರುಕು ಎಲ್ಲಿಂದ ಶುರುವಾಗಿದೆ ಎನ್ನುವುದೇ ಅರ್ಧ ಉತ್ತರ.

ಹಲಗೆಯ ತುದಿಯಲ್ಲಿ ಕೂದಲೆಳೆಯಂಥ ಸಣ್ಣ ಬಿರುಕುಗಳಿದ್ದರೆ ತುದಿ ಬೇಗ ಒಣಗಿದೆ ಎಂದರ್ಥ. ಅಷ್ಟು ಭಾಗ ಕೊಯ್ದು ಬಿಡಿ, ಮುಂದಿನ ಸಲ ಮಿಲ್ಲಿನಿಂದ ತಂದ ದಿನವೇ ತುದಿಗಳಿಗೆ ಹಳೆ ಪೇಂಟ್ ಬಳಿಯಿರಿ. ಸ್ಕ್ರೂವಿನ ತೂತಿನಿಂದ ಹೊರಟು ಉದ್ದಕ್ಕೆ ಓಡಿದ ಬಿರುಕಾದರೆ ಹಲಗೆಗೆ ಕುಗ್ಗಲು ಜಾಗ ಕೊಟ್ಟಿಲ್ಲ, ಮೇಲೆ ಹೇಳಿದ ಗಾಡಿ ತೋಡಲೇಬೇಕು. ಹಲಗೆಯ ನಡುವೆ ಮರದ ನಟ್ಟನಡುವಿನ ತಿರುಳೇ ಸಿಕ್ಕಿಕೊಂಡಿದ್ದರೆ ಅದು ಸೀಳಿಯೇ ಸೀಳುತ್ತದೆ. ಅದಕ್ಕೆ ಔಷಧ ಇಲ್ಲ. ಆ ಎರಡು ಇಂಚನ್ನು ಕೊಯ್ದು ತೆಗೆದು ಉಳಿದ ಎರಡು ಭಾಗಗಳನ್ನು ಸೇರಿಸಿ.

ಇತ್ತೀಚೆಗೆ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಸೋಲಾರ್ ಗೂಡಿನಲ್ಲಿ ಹಲಗೆ ಇಡುವ ಉಪಾಯ ಮಾಡುವವರೂ ಇದ್ದಾರೆ. ಅಡಿಕೆಗೆ ಅದು ಭೇಷ್. ಹಸಿ ಹಲಗೆಗೆ ಅಲ್ಲ. ಹೊರಮೈ ಒಣಗಿ ಬಿಗಿದುಕೊಳ್ಳುತ್ತದೆ, ಒಳಗಿನ ತೇವಕ್ಕೆ ದಾರಿ ಇರುವುದಿಲ್ಲ, ಕೊನೆಗೆ ಹೊರಗೆ ಸೀಳುತ್ತದೆ, ಕೆಲವು ಸಲ ಹೊರಗೆ ಏನೂ ಕಾಣದೆ ಒಳಗೇ ಗೂಡುಗೂಡಾಗಿ ಬಿರಿಯುತ್ತದೆ. ಕೊಯ್ದಾಗ ನಡುವೆ ಉದ್ದುದ್ದ ತೂತುಗಳು ಕಂಡರೆ ಆ ಹಲಗೆಯಲ್ಲಿ ಮೇಜು ಮಾಡಬೇಡಿ. ಮೊದಲು ಕೆಲವು ತಿಂಗಳು ನೆರಳಿನಲ್ಲಿ ಒಣಗಿಸಿದ ಹಲಗೆಯನ್ನು ಕೊನೆಗೆ ಒಂದೆರಡು ವಾರ ಗೂಡಿನಲ್ಲಿ, ಬಾಗಿಲು ತೆರೆದು, ಇಟ್ಟರೆ ಅಡ್ಡಿಯಿಲ್ಲ.

ಅಂಟಿಸಿದ ಗೆರೆಯೇ ಬಿಟ್ಟುಕೊಂಡಿದ್ದರೆ ಬಿರಿದ ಎರಡೂ ಮುಖಗಳನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಅಂಟಿನ ಜೊತೆ ಮರದ ನಾರೂ ಕಿತ್ತು ಬಂದಿದೆಯೇ? ಹಾಗಾದರೆ ಅಂಟಿನ ತಪ್ಪಿಲ್ಲ, ಮರವೇ ಎಳೆದುಕೊಂಡಿದೆ, ತೇವದ ಕಡೆ ನೋಡಿ. ಎರಡೂ ಕಡೆ ಅಂಟು ನಯವಾಗಿ ಹೊಳೆಯುತ್ತಿದ್ದರೆ ಅದು ಮರವನ್ನು ಹಿಡಿದೇ ಇಲ್ಲ. ಸಾಗುವಾನಿಯಲ್ಲಿ ಇದು ಜಾಸ್ತಿ, ಯಾಕೆಂದರೆ ಅದರೊಳಗೇ ಎಣ್ಣೆ ಇದೆ. ಕೀಸಿದ ದಿನವೇ, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಅದು ಆರಿದ ಕೂಡಲೇ ಅಂಟಿಸಿ. ಅಂಟೇ ಕಾಣದೆ ಒಣಒಣ ಇದ್ದರೆ ಒಂದೋ ಅಂಟು ಕಡಿಮೆ ಹಾಕಿದ್ದೀರಿ, ಇಲ್ಲವೇ ಕ್ಲಾಂಪನ್ನು ಹಲ್ಲು ಕಚ್ಚಿ ಬಿಗಿದು ಅಂಟನ್ನೆಲ್ಲ ಹೊರಗೆ ಹಿಂಡಿದ್ದೀರಿ. ಗೆರೆಯುದ್ದಕ್ಕೂ ಸಣ್ಣ ಮಣಿಗಳಾಗಿ ಅಂಟು ಉಕ್ಕಿದರೆ ಬಿಗಿ ಸಾಕು.

ಇನ್ನು ತುಂಬುವ ವಿಷಯ. ಮಾರ್ಚ್ ತಿಂಗಳಲ್ಲಿ ಬಿರುಕು ಅಗಲವಾಗಿ ಕಾಣುತ್ತದೆ, ಕೈ ಸುಮ್ಮನಿರುವುದಿಲ್ಲ, ಎಪಾಕ್ಸಿ ಸುರಿಯುತ್ತಾರೆ. ಜುಲೈಯಲ್ಲಿ ಮರ ಹಿಗ್ಗಿದಾಗ ಆ ಬಿರುಕಿಗೆ ಮುಚ್ಚಲು ಜಾಗ ಇಲ್ಲ, ಒತ್ತಡ ಪಕ್ಕಕ್ಕೆ ಹೋಗಿ ಹೊಸ ಬಿರುಕು ಹುಟ್ಟುತ್ತದೆ. ಅದರ ಬದಲು ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಹಾಕಿ ಪಕ್ಕದಲ್ಲಿ ತಾರೀಕು ಬರೆಯಿರಿ. ಒಂದು ಮಳೆಗಾಲ ಒಂದು ಬೇಸಿಗೆ ಕಳೆದ ಮೇಲೂ ಗೆರೆ ದಾಟದಿದ್ದರೆ ಅದು ಅಲ್ಲಿಗೆ ನಿಂತಿದೆ, ಹಾಗೇ ಬಿಡಬಹುದು. ದಾಟಿದ್ದರೆ ಬಿರುಕಿಗೆ ಅಡ್ಡವಾಗಿ ಡಮರು ಆಕಾರದ ಗಟ್ಟಿ ಮರದ ತುಂಡು ಕೂರಿಸಿ. ಆ ತುಂಡಿನ ನಾರು ಬಿರುಕಿಗೆ ಅಡ್ಡ ಇರಬೇಕು, ಬಿರುಕಿನ ದಿಕ್ಕಿಗೇ ಇದ್ದರೆ ಅದೂ ಮುರಿಯುತ್ತದೆ.

ಡ್ರಾಯರ್ ಸಿಕ್ಕಿಕೊಂಡಿದೆ

ಮಳೆಗಾಲವೇ? ಹಾಗಾದರೆ ಮೇಣದಬತ್ತಿ ತೆಗೆದುಕೊಂಡು ಡ್ರಾಯರಿನ ಬದಿಗೂ ಅಡಿಗೂ ಚೆನ್ನಾಗಿ ಉಜ್ಜಿ. ಒಳಗಿನ ಭಾರ ತೆಗೆಯಿರಿ. ಅಷ್ಟು ಸಾಕು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಸಿಟ್ಟು ಬಂದು ಬದಿಯನ್ನು ಕೀಸಿ ಸಲೀಸು ಮಾಡಿದ ನೆರೆಮನೆಯ ಅಣ್ಣನೊಬ್ಬನ ಡ್ರಾಯರ್ ಈಗ ಪ್ರತಿ ಬೇಸಿಗೆಯಲ್ಲೂ ಬೆರಳು ತೂರುವಷ್ಟು ಸಂದು ಬಿಟ್ಟು ಎಳೆದಾಗ ಅಡ್ಡಕ್ಕೆ ತಿರುಗಿ ನಿಲ್ಲುತ್ತದೆ. ಡಿಸೆಂಬರ್‌ನಲ್ಲೂ ಸಿಕ್ಕಿಕೊಂಡರೆ ಆಗ ಸೀಮೆಸುಣ್ಣ ಹಚ್ಚಿ ಒಳಗೆ ಹೊರಗೆ ಆಡಿಸಿ, ಸುಣ್ಣ ಅಳಿಸಿಹೋದ ಜಾಗವನ್ನು ಮಾತ್ರ ಕೀಸಿ.

ಹಿಟ್ಟಿನಂಥ ಪುಡಿ ಬೀಳುತ್ತದೆ

ಮೇಜಿನ ಅಡಿಯಲ್ಲಿ ಬಿಳಿ ಅಥವಾ ಹಳದಿ ಪುಡಿ, ಮರದಲ್ಲಿ ಒಂದೆರಡು ಮಿಲಿಮೀಟರಿನ ತೂತು. ಇದು ಕುಟ್ಟೆ ಹುಳು. ಹಲಗೆಯ ಹೊರಗಿನ ಬಿಳಿ ಭಾಗ, ರಬ್ಬರ್ ಮರ, ಮಾವು ಇದಕ್ಕೆ ಪ್ರಿಯ. ಸಾಗುವಾನಿ, ಹಲಸಿನ ಗಟ್ಟಿ ತಿರುಳಿಗೆ ಅಷ್ಟಾಗಿ ಬರುವುದಿಲ್ಲ. ಔಷಧ ನೀಡದ ರಬ್ಬರ್ ಹಲಗೆಯಲ್ಲಿ ಮೇಜು ಮಾಡಿದರೆ ಅದನ್ನು ಹುಳಕ್ಕೆ ಬರೆದುಕೊಟ್ಟ ಹಾಗೆಯೇ.

ಹುಳು ಇನ್ನೂ ಇದೆಯೇ, ಹಳೆ ತೂತು ಮಾತ್ರವೇ ಎಂದು ತಿಳಿಯಲು ಪುಡಿಯನ್ನೆಲ್ಲ ಗುಡಿಸಿ, ಅಡಿಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಹೊಸ ಪುಡಿ ಬಿದ್ದರೆ ಹುಳು ಒಳಗಿದೆ. ಬೀಳದಿದ್ದರೆ ಇನ್ನೂ ಕೆಲವು ಸಲ ನೋಡಿ. ಒಂದೆರಡು ತೂತಾದರೆ ಅಂಗಡಿಯಲ್ಲಿ ಸಿಗುವ ಮರದ ಹುಳದ ಔಷಧವನ್ನು ಸಿರಿಂಜಿನಲ್ಲಿ ಬಿಟ್ಟು ಮೇಣ ಮೆತ್ತಿ. ಆ ಔಷಧಗಳಲ್ಲಿ ಹಲವು ಸೀಮೆಎಣ್ಣೆಯಂಥ ದ್ರವದಲ್ಲಿ ಕರಗಿಸಿದ್ದು, ಬೀಡಿ, ಒಲೆ, ದೀಪ ಹತ್ತಿರ ಬೇಡ. ಕೈಗವಸು ಹಾಕಿ, ಹೊರಗೆ ಕೂತು ಮಾಡಿ. ಇನ್ನೂ ಪಾಲಿಶ್ ಮಾಡದ ಹಲಗೆಯಾದರೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ನೆನೆಸುವುದು ಹಳೆಯ, ನಂಬಬಹುದಾದ ದಾರಿ. ಆದರೆ ಮತ್ತೆ ಒಣಗಿಸಬೇಕು.

ಪುಡಿಯ ಬದಲು ಗಸಗಸೆಯಷ್ಟು ಸಣ್ಣ ಗಟ್ಟಿ ಕಾಳುಗಳು ಬೀಳುತ್ತಿದ್ದರೆ, ಅಥವಾ ಕಾಲಿನ ಮೇಲೆ ಮಣ್ಣಿನ ಗೆರೆ ಏರಿದ್ದರೆ ಅದು ಗೆದ್ದಲು. ಅಲ್ಲಿಗೆ ಮೇಜಿನ ರಿಪೇರಿ ನಿಲ್ಲಿಸಿ. ಮೇಜನ್ನು ಅಂಗಳಕ್ಕೆ ಹಾಕಿ ಮನೆಯ ಬಾಗಿಲು ಚೌಕಟ್ಟು, ಪಕ್ಕಾಸು, ಅಟ್ಟ ನೋಡಿಸಿ. ಗೆದ್ದಲು ಔಷಧ ಹೊಡೆಯುವವರನ್ನು ಕರೆಯಲೇಬೇಕಾದ ಜಾಗ ಇದು.

ಕಾಲಿನ ಅಡಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ಪದ್ಧತಿ ನಮ್ಮಲ್ಲಿ ಮೊದಲಿನಿಂದ ಇದೆ, ಕೆಲಸವೂ ಮಾಡುತ್ತದೆ. ಆದರೆ ಹಸಿ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ. ಕೈಗವಸು ಇಲ್ಲದೆ ಬೇಡ, ಮಕ್ಕಳು ಹಿಡಿಯುವ ಎತ್ತರಕ್ಕೆ ಬಳಿಯುವುದೂ ಬೇಡ.

ಪಾಲಿಶ್ ಮಂಕಾಗಿದೆ, ಅಂಟುತ್ತದೆ, ಕಲೆ ಬಿದ್ದಿದೆ

ಬಳಿದ ಕೂಡಲೇ ಹಾಲಿನಂಥ ಬಿಳಿ ಮಂಜು ಕವಿದರೆ ಮಳೆ ದಿನ ಪಾಲಿಶ್ ಮಾಡಿದ್ದೀರಿ. ಸ್ಪಿರಿಟ್ ಅಥವಾ ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಕೆರೆದು ತೆಗೆಯಬೇಡಿ. ಬಿಸಿಲು ಬಂದ ದಿನ ಫ್ರೆಂಚ್ ಪಾಲಿಶ್‌ಗೆ ಸ್ಪಿರಿಟ್, ಲ್ಯಾಕರ್‌ಗೆ ಥಿನ್ನರ್ ತುಸುವೇ ತಾಗಿಸಿದ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಬಹಳಷ್ಟು ಹೋಗುತ್ತದೆ. ಬಿಸಿ ಚಹಾ ಲೋಟದ ಬಿಳಿ ಉಂಗುರಕ್ಕೂ ಇದೇ ಮದ್ದು. ಫ್ರೆಂಚ್ ಪಾಲಿಶ್ ಅರಗಿನದ್ದು, ಶಾಖ ತಡೆಯುವುದಿಲ್ಲ, ಊಟದ ಮೇಜಿಗೆ ಅದು ನನ್ನ ಆಯ್ಕೆಯಲ್ಲ.

ವಾರ ಕಳೆದರೂ ಕೈಗೆ ಅಂಟಿದರೆ ಎಣ್ಣೆ ದಪ್ಪಗೆ ಬಳಿದಿದ್ದೀರಿ. ಟರ್ಪೆಂಟೈನ್ ಬಟ್ಟೆಯಲ್ಲಿ ಹೆಚ್ಚಿನದ್ದನ್ನು ಒರೆಸಿ, ಗಾಳಿಗೆ ಬಿಡಿ. ಈ ಬಟ್ಟೆಯ ಬಗ್ಗೆ ಎಚ್ಚರ: ಅಗಸೆ ಎಣ್ಣೆ ತಾಗಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ಒಳಗೊಳಗೇ ಕಾದು, ಯಾರೂ ಕಡ್ಡಿ ಗೀರದೆ ಹೊತ್ತಿಕೊಳ್ಳುತ್ತದೆ. ಕೊಟ್ಟಿಗೆಯಲ್ಲಿ ತೆಂಗಿನ ಸಿಪ್ಪೆ, ಗೋಣಿ, ಹುಲ್ಲು ಇರುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಸ್ಕ್ರೂ ಅಥವಾ ಕ್ಲಾಂಪ್ ಇದ್ದ ಜಾಗದಲ್ಲಿ ನೀಲಿ-ಕಪ್ಪು ಕಲೆ ಕಂಡರೆ ಕಬ್ಬಿಣ, ನೀರು ಮತ್ತು ಮರದೊಳಗಿನ ಒಗರು ಸೇರಿ ಆದದ್ದು. ಹಿತ್ತಾಳೆ ಅಥವಾ ಸ್ಟೈನ್‌ಲೆಸ್ ಸ್ಕ್ರೂ ಹಾಕಿ. ಆಕ್ಸಾಲಿಕ್ ಆಸಿಡ್ ನೀರಿನಲ್ಲಿ ಕಲೆ ಹೋಗುತ್ತದೆ, ಆದರೆ ಅದು ವಿಷ. ಕನ್ನಡಕ, ಕೈಗವಸು ಹಾಕಿ, ಕೊನೆಗೆ ನೀರಿನಿಂದ ಚೆನ್ನಾಗಿ ತೊಳೆಯಿರಿ, ಒಣಗಿದ ಮೇಲೆ ಮರಳುಕಾಗದ ಹಾಕುವುದಾದರೆ ಮಾಸ್ಕ್ ಬೇಕು.

ಕೀಸುವಾಗ ನಾರು ಕಿತ್ತು ಬರುತ್ತದೆ

ಹಲಸಿನಲ್ಲಿ ನಾರು ಅಲ್ಲಲ್ಲಿ ದಿಕ್ಕು ಬದಲಿಸುತ್ತದೆ. ಮೊದಲು ಎದುರು ದಿಕ್ಕಿನಿಂದ ಕೀಸಿ. ಆಗಲಿಲ್ಲ ಎಂದರೆ ಅಲಗು ಮಸೆಯಿರಿ, ಹತ್ತರಲ್ಲಿ ಎಂಟು ಸಲ ಅಲಗು ಮೊಂಡಾಗಿರುವುದೇ ಕಾರಣ. ಆಮೇಲೆ ಕೀಸುಳಿಯನ್ನು ಓರೆ ಹಿಡಿದು ತೆಳುವಾಗಿ ಎಳೆಯಿರಿ. ಹಠ ಹಿಡಿದ ಜಾಗಕ್ಕೆ ಉಕ್ಕಿನ ಸ್ಕ್ರೇಪರ್. ಹಳಬರು ಗಾಜಿನ ಚೂರಿನಲ್ಲಿ ಕೆರೆಯುತ್ತಿದ್ದರು, ಕೈ ಕೊಯ್ದುಕೊಳ್ಳುವ ಅಭ್ಯಾಸ ಇಲ್ಲದವರಿಗೆ ಅದು ಬೇಡ.

ಗರಗಸ ಸಿಕ್ಕಿಕೊಳ್ಳುತ್ತದೆ, ಸುಟ್ಟ ವಾಸನೆ ಬರುತ್ತದೆ

ಕೂಡಲೇ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲೆ ನೋಡಿ. ಕೊಯ್ಯುತ್ತಿದ್ದಂತೆ ಹಲಗೆಯ ಎರಡು ಭಾಗಗಳು ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿಯುತ್ತಿದ್ದರೆ ಮರದೊಳಗೆ ಬಿಗಿತ ಇದೆ, ಸಂದಿಗೆ ಬೆಣೆ ಕೊಟ್ಟು ಮುಂದುವರಿಯಬೇಕು. ಟೇಬಲ್ ಗರಗಸದಲ್ಲಿ ಹಾಗಾದರೆ ಹಲಗೆ ಹಿಂದಕ್ಕೆ ಚಿಮ್ಮಿ ಹೊಟ್ಟೆಗೆ ಬಡಿಯುತ್ತದೆ. ಅಂಥ ಹಲಗೆಯನ್ನು ಮಿಲ್ಲಿಗೆ ಬಿಡಿ. ಆಂಗಲ್ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿ ಕೊಯ್ಯುವುದು ಎಲ್ಲ ಕಡೆ ಕಾಣುತ್ತದೆ. ಅದು ಸಿಕ್ಕಿಕೊಂಡರೆ ಕೈಯಿಂದ ಜಿಗಿಯುತ್ತದೆ. ಈ ಒಂದು ವಿಷಯದಲ್ಲಿ ರಿಯಾಯಿತಿ ಇಲ್ಲ, ಮಾಡಬೇಡಿ.

ಹಿತ್ತಿಲಿನ ಮರವಾದರೆ ಕೊಯ್ಯುವ ಮುನ್ನ ಅಯಸ್ಕಾಂತ ಆಡಿಸಿ. ಬೇಲಿ ತಂತಿ, ಬಟ್ಟೆ ಹಗ್ಗ ಕಟ್ಟಲು ಹೊಡೆದ ಮೊಳೆ ಎಲ್ಲವನ್ನೂ ಮರ ನುಂಗಿಕೊಂಡಿರುತ್ತದೆ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಮಿಷನ್ ಹಿಡಿಯಬೇಡಿ. ಕೈಗೆ ಸಣ್ಣಗೆ ಜುಂ ಎಂದರೂ ಮಿಷನ್ ಬದಿಗಿಟ್ಟು ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಕೊಟ್ಟಿಗೆಯ ಲೈನಿಗೆ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದೆಯೇ ಎಂದೂ ಕೇಳಿ. ಮರದ ಪುಡಿಗೆ ಮಾಸ್ಕ್ ಕಡ್ಡಾಯ. ಸಾಗುವಾನಿ, ಬೀಟೆಯ ಪುಡಿ ಹಲವರಿಗೆ ಚರ್ಮ ತುರಿಸುತ್ತದೆ, ಉಸಿರು ಕಟ್ಟಿಸುತ್ತದೆ. ಹಾಗಾದರೆ ಕೆಲಸ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಆಚಾರಿಯನ್ನು ಕರೆಯುವುದು ಯಾವಾಗ

ಕಾಲು ಮೇಲಿನ ತೂತಿನ ಬಳಿ ಸೀಳಿದ್ದರೆ, ಹಲಗೆ ಒಂದು ಸೆಂಟಿಮೀಟರ್‌ನಷ್ಟು ತಿರುಚಿದ್ದರೆ, ಒಂದೇ ಜಾಯಿಂಟ್ ಎರಡು ಸಲ ಅಂಟಿಸಿದ ಮೇಲೂ ಬಿಟ್ಟರೆ ಕರೆಯಿರಿ. ಫೋನಿನಲ್ಲಿ "ಮೇಜು ಹಾಳಾಗಿದೆ" ಎಂದರೆ ಅವರಿಗೂ ಏನೂ ತಿಳಿಯುವುದಿಲ್ಲ. ಯಾವ ಮರ, ಯಾವಾಗ ಕೊಯ್ಯಿಸಿದ್ದು, ಯಾವ ತಿಂಗಳಲ್ಲಿ ಅಂಟಿಸಿದ್ದು, ದೋಷ ಕಂಡದ್ದು ಯಾವ ತಿಂಗಳು, ಎಷ್ಟು ಮಿಲಿಮೀಟರ್, ಇಷ್ಟನ್ನು ಹೇಳಿ. ತುದಿಯ ಗೆರೆಗಳು ಕಾಣುವ ಹಾಗೆ ಒಂದು ಫೋಟೊವನ್ನೂ ವಾಟ್ಸಾಪ್ ಮಾಡಿದರೆ, ಬರುವಾಗ ಯಾವ ಉಳಿ ತರಬೇಕು ಎನ್ನುವುದು ಅವರಿಗೆ ಗೊತ್ತಿರುತ್ತದೆ.